ಸುಖ ಯಾರಪ್ಪನ ಸ್ವತ್ತು?

ಹೋದ ವರ್ಷ ಒಂದು ಸಾಹಿತ್ಯ ಸಭೆಗೆ ಪದ್ಯ ಓದಲು ಹೋಗಿದ್ದೆ. ಓದಿ ಕೆಳಗಿಳಿದೆ. ಊಟದ ಹೊತ್ತಿಗೆ ಹಿರಿಯರೊಬ್ಬರು ಪಕ್ಕಕ್ಕೆ ಬಂದು ಹೆಗಲ ಮೇಲೆ ಕೈ ಹಾಕಿದರು. ಓದಿಕೊಂಡವರು. ಒಳ್ಳೆಯವರೂ ಇರಬೇಕು. 'ಯಾಕಯ್ಯಾ ನೀವೆಲ್ಲ ಇಷ್ಟೊಂದು ಸಿಟ್ಟಿನ ಪದ್ಯ ಬರೀತೀರಿ? ಚಿಕ್ಕಂದಿನಲ್ಲಿ ನಾನೂ ನಿಮ್ಮ ಕೇರಿ ನೋಡಿದೀನಿ. ನಿಮ್ಮ ಜನ ಸುಖಪುರುಷರಪ್ಪ! ದುಡೀತಿದ್ರು, ಕುಡೀತಿದ್ರು, ತಮಟೆ ಬಡ್ಕೊಂಡು ಕುಣೀತಿದ್ರು. ನಾಳೆ ಅನ್ನೋ ಚಿಂತೆ ಇರಲಿಲ್ಲ. ನಮಗೆಲ್ಲಿ ಬರಬೇಕು ಆ ಸುಖ' ಅಂದರು. ಸುತ್ತ ತಟ್ಟೆ ಹಿಡಿದು ನಿಂತಿದ್ದವರು ನಕ್ಕರು. ನಾನೂ ನಕ್ಕೆ.

ಆ ನಗು ನನ್ನನ್ನು ಇವತ್ತಿಗೂ ಚುಚ್ಚುತ್ತಿದೆ. ಪ್ರಾಯಶ್ಚಿತ್ತ ಅನ್ನುವ ಮಾತು ನಮ್ಮದಲ್ಲ, ಬಾಕಿ ತೀರಿಸುವುದು ಅನ್ನೋಣ. ಈ ಲೇಖನ ಆ ಬಾಕಿ.

ಗೆಳೆಯರೇ, ಆ ಹಿರಿಯರು ಸುಳ್ಳು ಹೇಳಲಿಲ್ಲ. ನಮ್ಮಪ್ಪ ತಮಟೆ ಬಡಿಯುವವನು. ತಮಟೆ ಬಡಿಯುವ ಮುಂಚೆ ಒಂದು ಹಿಡಿ ಹುಲ್ಲಿಗೆ ಬೆಂಕಿ ಹಚ್ಚಿ ಚರ್ಮ ಕಾಯಿಸಬೇಕು. ಕಾಯದ ತಮಟೆ ಮಂಕು ಬಡಿದವರ ಹಾಗೆ ಮಾತಾಡುತ್ತದೆ. ಕಾದರೆ ಊರಿಗೆಲ್ಲ ಕೇಳುತ್ತದೆ. ಊರೊಳಗೆ ಹೆಣ ಬಿದ್ದರೆ ಅಪ್ಪನಿಗೆ ಹೇಳಿಕಳಿಸುತ್ತಿದ್ದರು. ಅದು ಕರೆಯುವುದಲ್ಲ, ಹುಕುಂ. ಹೆಣ ಎತ್ತುವವರೆಗೂ ಬಿಸಿಲಲ್ಲಿ ನಿಂತು ಬಡಿಯಬೇಕು. ಹೊಟ್ಟೆಗೆ ಏನಾದರೂ ಬಿದ್ದರೆ ಅದು ಎಲ್ಲರದೂ ಆದಮೇಲೆ, ದೂರದಲ್ಲಿ. ಅದೇ ಅಪ್ಪ ನಮ್ಮ ಕೇರಿಯ ಮಾರಮ್ಮನ ಹಬ್ಬದಲ್ಲಿ ಬಡಿದರೆ ಎಪ್ಪತ್ತು ವರ್ಷದ ಮುದುಕಿಯರೂ ಸೆರಗು ಸಿಕ್ಕಿಸಿಕೊಂಡು ಎದ್ದು ಬರುತ್ತಿದ್ದರು. ಅದೇ ತಮಟೆ, ಅದೇ ಕೈ. ದೂರದಿಂದ ನೋಡಿದವರಿಗೆ ಎರಡೂ ಒಂದೇ. ಹತ್ತಿರ ಇದ್ದ ನಮಗೆ ಗೊತ್ತು, ಒಂದು ಅಪ್ಪನ ಬಿಟ್ಟಿ ಚಾಕರಿ, ಇನ್ನೊಂದು ಅಪ್ಪನ ಸುಖ.

ಇವೆರಡರ ನಡುವಿನ ವ್ಯತ್ಯಾಸ ಕನ್ನಡ ಸಾಹಿತ್ಯಕ್ಕೆ ಕಂಡಿದೆಯೇ? ನನ್ನ ಪ್ರಶ್ನೆ ಇದು.

ಎಂ.ಎ. ತರಗತಿಯಲ್ಲಿ ನಮಗೆ ಕಾವ್ಯಮೀಮಾಂಸೆ ಪಾಠ ಇತ್ತು. ಕಾವ್ಯ ಕೊಡುವ ಸುಖ ಬ್ರಹ್ಮಾನಂದಕ್ಕೆ ಸಹೋದರ ಎಂದು ಹೇಳಿಕೊಟ್ಟರು. ಆ ಸುಖವನ್ನು ಸವಿಯಬಲ್ಲವನು ಸಹೃದಯ ಎಂದರು. ನಾನು ಹಾಸ್ಟೆಲ್ಲಿನ ಹುಡುಗ. ಬೆಳಿಗ್ಗೆ ಕೊಟ್ಟ ಉಪ್ಪಿಟ್ಟು ಹನ್ನೊಂದು ಗಂಟೆಗೇ ಕರಗಿಹೋಗಿರುತ್ತಿತ್ತು. ಕೂತಲ್ಲೇ ಲೆಕ್ಕ ಹಾಕುತ್ತಿದ್ದೆ. ಕಾವ್ಯಾನಂದವೂ ಬ್ರಹ್ಮಾನಂದವೂ ಒಡಹುಟ್ಟಿದವರಾದರೆ, ಹೊಟ್ಟೆ ತುಂಬ ಉಂಡ ಆನಂದ ಇವರಿಗೆ ಏನಾಗಬೇಕು? ಅಣ್ಣನೇ, ಭಾವನೇ? ಏನೂ ಆಗಬೇಕಿಲ್ಲ. ಇವರ ಮನೆಯೊಳಕ್ಕೆ ಅದಕ್ಕೆ ಪ್ರವೇಶವೇ ಇಲ್ಲ. ಅದು ಹಿತ್ತಲ ಕಡೆ ನಿಲ್ಲಬೇಕು, ನಮ್ಮಪ್ಪನ ಹಾಗೆ.

ಸುಖ ಅನ್ನುವುದು ಮನಸ್ಸಿನೊಳಗಿನ ಮಾತು, ಹೊರಗಿನ ಯಾವುದಕ್ಕೂ ಅದಕ್ಕೂ ಸಂಬಂಧವಿಲ್ಲ ಎನ್ನುವ ನಂಬಿಕೆ ನಮ್ಮ ಸಾಹಿತ್ಯದ ತಳದಲ್ಲಿ ಕೂತಿದೆ. 1943ರಲ್ಲಿ ಬಂದ ಡಿ.ವಿ.ಜಿ.ಯವರ 'ಮಂಕುತಿಮ್ಮನ ಕಗ್ಗ'ವನ್ನು ಜನ ಇವತ್ತಿಗೂ ಬಾಯಿಪಾಠ ಮಾಡುತ್ತಾರೆ. ಬಂದದ್ದನ್ನು ಒಪ್ಪಿಕೊ, ಹಗುರಾಗು ಎನ್ನುವ ಬುದ್ಧಿವಾದ ಅದರಲ್ಲಿ ಮತ್ತೆ ಮತ್ತೆ ಬರುತ್ತದೆ. ಆ ಪುಸ್ತಕ ಸುಳ್ಳು ಎಂದು ನಾನು ಹೇಳುವುದಿಲ್ಲ. ಎರಡು ದಾರಿ ಇದ್ದು ಒಂದನ್ನು ಬಿಟ್ಟವನಿಗೆ ತೃಪ್ತಿ ಅನ್ನುವುದು ಗುಣ. ದಾರಿಯೇ ಇಲ್ಲದವನಿಗೆ ಅದನ್ನೇ ಬೋಧಿಸಿದರೆ ಹೊರಗಿನಿಂದ ಬೀಗ ಹಾಕಿದ ಹಾಗೆ. 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದಾಗ ಊರೂರೇ ಹೊತ್ತಿಕೊಂಡಿತು. ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು. ಅವರು ಮಂತ್ರಿಗಿರಿ ಕಳೆದುಕೊಂಡರು. ತಲೆಯ ಮೇಲೆ ಮಲ ಹೊರುವುದನ್ನು ಈ ರಾಜ್ಯದಲ್ಲಿ ನಿಲ್ಲಿಸಲು ಹೊರಟಿದ್ದವರೂ ಅವರೇ. ಮಲದ ಬುಟ್ಟಿ ಹೊತ್ತ ತಲೆಗೆ ಈ ಸಾಹಿತ್ಯ ಏನು ಕೊಟ್ಟಿದೆ ಎಂದು ಕೇಳುವ ಹಕ್ಕು ಅವರಿಗಲ್ಲದೆ ಇನ್ನಾರಿಗಿತ್ತು?

ಈಗ ಮೂರು ಕೃತಿಗಳನ್ನು ಹಿಡಿದು ನೋಡೋಣ. ಸುಮ್ಮನೆ ಬೈದು ಹೋಗುವುದು ವಿಮರ್ಶೆಯಲ್ಲ.

ಮೊದಲನೆಯದು ಕುವೆಂಪು ಅವರ 'ಜಲಗಾರ'. ಪುರೋಹಿತಶಾಹಿಯ ವಿರುದ್ಧ ಕುವೆಂಪು ಎತ್ತಿದ ದನಿ ನಮ್ಮಂಥವರಿಗೆ ಮೊದಲ ಧೈರ್ಯ ಕೊಟ್ಟದ್ದು. ಅದನ್ನು ಮರೆತರೆ ನಾವು ಕೃತಘ್ನರು. ಆ ನಾಟಕದಲ್ಲಿ ಬೀದಿ ಗುಡಿಸುವವನೊಬ್ಬನಿದ್ದಾನೆ. ಗುಡಿಯೊಳಕ್ಕೆ ಅವನನ್ನು ಬಿಡುವುದಿಲ್ಲ. ಕೊನೆಗೆ ಶಿವನೇ ಅವನಿದ್ದಲ್ಲಿಗೆ ಬರುತ್ತಾನೆ, ತಾನೂ ಜಲಗಾರ, ಜಗತ್ತಿನ ಕಸ ಗುಡಿಸುವವನು ಎಂದು ತೋರಿಸಿಕೊಳ್ಳುತ್ತಾನೆ. ಮೊದಲ ಸಲ ಓದಿದಾಗ ನನಗೆ ಮೈ ಜುಂ ಎಂದಿತ್ತು. ದೇವರು ಗುಡಿ ಬಿಟ್ಟು ನಮ್ಮ ಕಡೆಗೆ ಬಂದನಲ್ಲ ಎಂದು. ಎರಡನೆಯ ಸಲ ಓದುವಾಗ ಬೇರೊಂದು ಕಂಡಿತು. ಶಿವ ಬಂದ ಮೇಲೂ ಪೊರಕೆ ಜಲಗಾರನ ಕೈಯಲ್ಲೇ ಇದೆ. ಅವನ ಸುಖ ದೊಡ್ಡದಾಯಿತು, ಕೆಲಸ ಬದಲಾಗಲಿಲ್ಲ. ಮಾರನೆಯ ದಿನ ಅವನ ಮಗನೂ ಅದೇ ಬೀದಿ ಗುಡಿಸಬೇಕೇ? ನಾಟಕ ಅದನ್ನು ಕೇಳುವುದಿಲ್ಲ. ಪೊರಕೆಗೆ ಗೌರವ ಬಂದರೆ ಸಾಕು ಎನ್ನುವುದು ಪೊರಕೆ ಹಿಡಿಯದವರ ಆಸೆ. ಹಿಡಿದವನ ಆಸೆ, ಮಗನ ಕೈಗೆ ಅದು ಬಾರದಿರಲಿ ಎನ್ನುವುದು.

ಎರಡನೆಯದು 1933ರಲ್ಲಿ ಬಂದ ಶಿವರಾಮ ಕಾರಂತರ 'ಚೋಮನ ದುಡಿ'. 1975ರಲ್ಲಿ ಬಿ.ವಿ. ಕಾರಂತರು ಇದನ್ನು ಸಿನಿಮಾ ಮಾಡಿದರು, ಸ್ವರ್ಣಕಮಲ ಬಂತು. ಚೋಮನ ಹತ್ತಿರ ಎರಡು ಎತ್ತುಗಳಿವೆ. ಒಂದು ತುಂಡು ನೆಲ ಬೇಕು, ತಾನೇ ಉಳಬೇಕು ಎನ್ನುವುದೊಂದೇ ಆಸೆ. ಹೊಲೆಯ ಬೇಸಾಯಗಾರ ಆಗಕೂಡದು ಎನ್ನುವುದು ಊರ ಕಟ್ಟಳೆ. ಧಣಿ ಸಂಕಪ್ಪಯ್ಯನಿಗೆ ಒಂದಿಷ್ಟು ಮನಸ್ಸು ಕರಗಿದರೂ ಮನೆಯ ಹಿರಿಯ ತಾಯಿ ಒಪ್ಪುವುದಿಲ್ಲ. ಸಾಲ ತೀರಿಸಲು ಘಟ್ಟದ ಕಾಫಿ ತೋಟಕ್ಕೆ ಹೋದ ಇಬ್ಬರು ಮಕ್ಕಳಲ್ಲಿ ಒಬ್ಬ ಸಾಯುತ್ತಾನೆ, ಒಬ್ಬ ಕ್ರೈಸ್ತರವಳನ್ನು ಕಟ್ಟಿಕೊಂಡು ಅಲ್ಲೇ ಉಳಿಯುತ್ತಾನೆ. ಒಬ್ಬ ಮಗ ನೀರಿನಲ್ಲಿ ಮುಳುಗುವಾಗ ಮುಟ್ಟಿದರೆ ಮೈಲಿಗೆ ಎಂದು ಮೇಲಿನವರು ಎತ್ತುವುದಿಲ್ಲ. ಕೊನೆಗೆ ಚೋಮ ಎತ್ತುಗಳನ್ನು ಓಡಿಸಿ, ನೇಗಿಲು ಮುರಿದು, ದುಡಿ ಬಾರಿಸುತ್ತಾ ಸಾಯುತ್ತಾನೆ.

ಸಭೆಯಲ್ಲಿ ನನ್ನ ಹೆಗಲ ಮೇಲೆ ಕೈ ಹಾಕಿದವರು ದೂರದಿಂದ ಕೇಳಿದ್ದು ಈ ದುಡಿಯನ್ನೇ. ಸಂಜೆ ಹೊತ್ತು ಊರವರು ತಮ್ಮ ಜಗಲಿಯಲ್ಲಿ ಕೂತಿರುತ್ತಾರೆ. ದೂರದ ಗುಡಿಸಲಿನಿಂದ ಢಮ ಢಮ ಕೇಳುತ್ತದೆ. 'ಕಳ್ಳು ಕುಡಿದು ಖುಷಿಯಾಗಿದ್ದಾನೆ' ಎಂದು ಅಂದುಕೊಳ್ಳುತ್ತಾರೆ. ಕಾರಂತರ ದೊಡ್ಡತನ ಎಂದರೆ ಅವರು ಜಗಲಿಯಿಂದ ಎದ್ದು ಆ ಗುಡಿಸಲಿನ ಬಾಗಿಲವರೆಗೆ ಬಂದರು. ಆ ಬಡಿತದಲ್ಲಿ ಖುಷಿ, ಸಂಕಟ, ಸೇಡು ಎಲ್ಲ ಕಲೆತಿರುವುದನ್ನು ಕೇಳಿಸಿಕೊಂಡರು. ಬಾಗಿಲಲ್ಲೇ ನಿಂತದ್ದು ಅವರ ಮಿತಿ. ಚೋಮನಿಗೆ ಅವರು ಕೊಟ್ಟದ್ದು ಸಾವು ಮಾತ್ರ. ಸಾವಿನ ದುಡಿ ಕೇಳಿ ಓದುಗ ಕಣ್ಣೊರೆಸಿಕೊಳ್ಳುತ್ತಾನೆ, ಅವನಿಗೊಂದು ರಸಾನಂದ ಸಿಗುತ್ತದೆ. ಚೋಮನಿಗೆ ನೆಲ ಸಿಗುವುದಿಲ್ಲ.

ಕಾದಂಬರಿಯ ಹೊರಗಾದರೂ ಸಿಕ್ಕಿತೇ? 1974ರಲ್ಲಿ ಭೂಸುಧಾರಣೆ ಕಾಯಿದೆಯ ತಿದ್ದುಪಡಿ ಜಾರಿಗೆ ಬಂತು. ಉಳುವವನೇ ಒಡೆಯ ಎಂದರು. ಗೇಣಿದಾರರು 7ನೇ ನಂಬರ್ ಫಾರಂ ತುಂಬಿ ಭೂನ್ಯಾಯ ಮಂಡಳಿಗೆ ಕೊಟ್ಟರು. ಎಷ್ಟೋ ಜನ ಹಿಂದುಳಿದ ರೈತರಿಗೆ ನೆಲ ಬಂತು, ಸಂತೋಷ. ಚೋಮ ಅಲ್ಲಿಯವರೆಗೆ ಬದುಕಿದ್ದರೂ ಆ ಫಾರಂ ತುಂಬಲು ಅವನಿಗೆ ಆಗುತ್ತಿರಲಿಲ್ಲ. ಅವನು ಗೇಣಿದಾರನಲ್ಲ, ಸಾಲಕ್ಕೆ ಸಿಕ್ಕ ಆಳು. ಉಳುವವನೇ ಒಡೆಯನಾದರೆ, ಉಳಲಿಕ್ಕೇ ಬಿಡದವನು ಏನಾಗಬೇಕು? 1975ರಲ್ಲಿ ಸುಗ್ರೀವಾಜ್ಞೆ, 1976ರಲ್ಲಿ ಕಾಯಿದೆ ಬಂದು ಜೀತ ರದ್ದಾಯಿತು. ಜೀತದಿಂದ ಬಿಟ್ಟವನಿಗೆ ನಿಲ್ಲಲು ನೆಲ ಬೇಕಲ್ಲ, ಆ ಮಾತು ಹಿಂದೆಯೇ ಉಳಿಯಿತು. ಸುಖ ಮನಸ್ಸಿನಲ್ಲಿದೆ ಎನ್ನುವವರು ಪಹಣಿಯಲ್ಲಿ ಯಾರ ಹೆಸರಿದೆ ಎಂದು ಒಂದು ಸಲ ನೋಡಲಿ.

ಮೂರನೆಯದು ದೇವನೂರ ಮಹಾದೇವ ಅವರ 'ಒಡಲಾಳ'. ಇಲ್ಲಿ ಬರಹಗಾರ ಬಾಗಿಲಲ್ಲಿ ನಿಂತಿಲ್ಲ, ಒಲೆಯ ಮುಂದೆ ಕೂತಿದ್ದಾನೆ. ಮುದುಕಿ ಸಾಕವ್ವನ ಹುಂಜ ಕಳೆದುಹೋಗಿದೆ. ಅವಳ ಬೈಗುಳ, ಅವಳ ಹುಡುಕಾಟ ಊರನ್ನೇ ತುಂಬುತ್ತದೆ. ಪುಟ್ಟಗೌರಿ ಅನ್ನುವ ಹುಡುಗಿ ಗೋಡೆಯ ಮೇಲೆ ನವಿಲು ಬಿಡಿಸುತ್ತಾಳೆ. ಹೊಟ್ಟೆಗಿಲ್ಲದ ಮನೆಯ ಗೋಡೆಗೆ ನವಿಲು! ಹೊಟ್ಟೆ ತುಂಬಿದ ಮೇಲೆ ಕಲೆ ಎನ್ನುವ ಲೆಕ್ಕ ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ಆಮೇಲೆ ಆ ರಾತ್ರಿ ಬರುತ್ತದೆ. ಸಾಹುಕಾರ ಎತ್ತಪ್ಪನ ಕಡ್ಲೆಕಾಯಿ ಮೂಟೆ ಮನೆ ಸೇರಿದೆ. ಇಡೀ ಮನೆ, ಮಕ್ಕಳು ಮುದುಕರೆಲ್ಲ ಬೆಂಕಿಯ ಸುತ್ತ ಕೂತು ತಿನ್ನುತ್ತಾರೆ. ಮಾತು, ನಗು, ಹಳೆಯ ಜಗಳ, ಎಲ್ಲ ಆ ಬೆಳಕಿನಲ್ಲಿ ಕರಗುತ್ತದೆ. ಕನ್ನಡದಲ್ಲಿ ನಾನು ಓದಿದ ಸುಖದ ಚಿತ್ರಗಳಲ್ಲಿ ಇದಕ್ಕಿಂತ ದೊಡ್ಡದನ್ನು ಕಂಡಿಲ್ಲ.

ಆ ಸುಖ ಎಂಥದು ನೋಡಿ. ಅದು ಒಬ್ಬರದಲ್ಲ, ಕೂಡಿ ಉಂಡದ್ದು. ಮನಸ್ಸಿನದಷ್ಟೇ ಅಲ್ಲ, ಹಲ್ಲು ನಾಲಿಗೆ ಹೊಟ್ಟೆಯದು. ಬಹಳ ಮುಖ್ಯವಾಗಿ, ಅದಕ್ಕೊಂದು ವಾಯಿದೆ ಇದೆ. ಬೆಳಗಾಗುವುದರೊಳಗೆ ಮುಗಿಯಬೇಕು. ಬೆಳಿಗ್ಗೆ ಪೊಲೀಸರು ಬರುತ್ತಾರೆ, ಬಂದೂ ಬರುತ್ತಾರೆ. ಇದು ಕಳ್ಳತನ ಎನ್ನುವವರು ಇದ್ದಾರೆ. ಇರಲಿ. ನಾನು ಕೇಳುವುದು ಇಷ್ಟೇ: ಒಂದು ಮನೆಯವರು ಹೊಟ್ಟೆ ತುಂಬ ಕಡ್ಲೆಕಾಯಿ ತಿನ್ನಬೇಕಾದರೆ ಕದ್ದೇ ತಿನ್ನಬೇಕು ಎನ್ನುವ ಹಾಗೆ ಊರನ್ನು ಕಟ್ಟಿದವರು ಯಾರು? ಚೋಮನಿಗೆ ಸುಖ ಆಸೆಯಾಗೇ ಉಳಿಯಿತು. ಸಾಕವ್ವನ ಮನೆಗೆ ಅದು ಒಂದು ರಾತ್ರಿ ಬಂತು. ಕಾರಂತರಿಂದ ಮಹಾದೇವರವರೆಗೆ ಕನ್ನಡ ಸಾಹಿತ್ಯ ನಡೆದ ದೂರ ಇದು. ಬೆಳಗಿನ ಹೆದರಿಕೆ ಇಲ್ಲದ ರಾತ್ರಿಯನ್ನು ಬರೆಯುವುದು ಮುಂದಿನವರಾದ ನಮಗೆ ಬಿಟ್ಟದ್ದು.

ಇನ್ನೊಂದು ಪುಸ್ತಕದ ಹೆಸರು ಹೇಳದೆ ಮುಂದೆ ಹೋಗಲಾರೆ. ಸಿದ್ಧಲಿಂಗಯ್ಯನವರ ಆತ್ಮಕಥೆ 'ಊರುಕೇರಿ'. ಇಬ್ಬರು ಮನುಷ್ಯರ ಹೆಗಲಿಗೆ ನೊಗ ಹೂಡಿ ಹೊಲ ಉಳುತ್ತಿದ್ದುದನ್ನು ಹುಡುಗನಾಗಿ ಅವರು ನೋಡುತ್ತಾರೆ. ಅದರಲ್ಲಿ ಒಬ್ಬ ಅವರ ಅಪ್ಪ. ಚೋಮನಿಗಾದರೂ ಎತ್ತುಗಳಿದ್ದವು, ಇಲ್ಲಿ ಮನುಷ್ಯನೇ ಎತ್ತು. ಅಂಥದ್ದನ್ನು ಬರೆದವರೇ ಪುಟಪುಟಕ್ಕೂ ನಗಿಸುತ್ತಾರೆ. ಡಿ.ಆರ್. ನಾಗರಾಜ್ ಆ ಪುಸ್ತಕದ ಬಗ್ಗೆ ಬರೆಯುತ್ತಾ ಬಡವರ ನಗುವಿನ ಶಕ್ತಿಯ ಮಾತೆತ್ತಿದರು. ಹಿರಿಯರು ಕೇಳಬಹುದು, 'ನಾನೂ ಅದನ್ನೇ ಅಂದೆನಲ್ಲ, ನಿಮ್ಮ ಜನ ನಗ್ತಾರೆ ಅಂತ?' ಇಲ್ಲ ಸ್ವಾಮಿ, ನೀವಂದದ್ದು ಅದಲ್ಲ. ನಾವು ನಗುವುದು ನಿಮ್ಮ ವ್ಯವಸ್ಥೆಯನ್ನು ಒಪ್ಪಿಕೊಂಡಿದ್ದಕ್ಕೆ ಅಂತ ನೀವು ತಿಳಿದಿರಿ. ಆ ನಗುವಿನಲ್ಲಿ ಗೌಡರ ಗತ್ತು, ಪೂಜಾರಿಯ ಮಂತ್ರ, ಸಾಹೇಬರ ಇಂಗ್ಲಿಷು ಎಲ್ಲ ಬತ್ತಲೆ ಆಗುವುದು ನಿಮಗೆ ಕೇಳಿಸಲಿಲ್ಲ.

ಈಗ ಸುಖವನ್ನು ಅಳೆಯುವ ಕಾಲ ಬಂದಿದೆ. 2012ರಿಂದ ಜಗತ್ತಿನ ದೇಶಗಳ ಸುಖದ ಪಟ್ಟಿ ಹೊರಬರುತ್ತಿದೆ. 2024ರ ಪಟ್ಟಿಯಲ್ಲಿ 143 ದೇಶಗಳಲ್ಲಿ ನಮ್ಮದು 126ನೆಯದು, ಫಿನ್‌ಲೆಂಡ್ ಮೊದಲನೆಯದು. ಅಳೆಯುವ ರೀತಿ ಹೀಗೆ: ಒಂದು ಏಣಿ ಕಲ್ಪಿಸಿಕೊ, ಕೆಳಗಿನ ಮೆಟ್ಟಿಲು ಸೊನ್ನೆ, ಮೇಲಿನದು ಹತ್ತು, ನಿನ್ನ ಬದುಕು ಯಾವ ಮೆಟ್ಟಿಲ ಮೇಲಿದೆ ಹೇಳು. ಓದಿದಾಗ ನಗು ಬಂತು. 1920ರ ಜನವರಿ 31ರಂದು ಬಾಬಾಸಾಹೇಬರು 'ಮೂಕನಾಯಕ'ದ ಮೊದಲ ಸಂಚಿಕೆಯಲ್ಲಿ ಹಿಂದೂ ಸಮಾಜವನ್ನು ಅಂತಸ್ತು ಅಂತಸ್ತಿನ ಗೋಪುರಕ್ಕೆ ಹೋಲಿಸಿದ್ದರು. ಅದಕ್ಕೆ ಏಣಿಯೇ ಇಲ್ಲ, ಹುಟ್ಟಿದ ಅಂತಸ್ತಿನಲ್ಲೇ ಸಾಯಬೇಕು ಎಂದಿದ್ದರು. ಏಣಿಯೇ ಇಲ್ಲದ ಮನೆಯವರನ್ನು ಯಾವ ಮೆಟ್ಟಿಲ ಮೇಲಿದ್ದೀಯ ಎಂದು ಕೇಳಿದರೆ ಏನು ಹೇಳಿಯಾರು?

ಅದೇ ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧರಾದರು. ಬುದ್ಧ ಅಂದರೆ 'ಎಲ್ಲವೂ ದುಃಖ' ಅಂದವನು ಎಂದು ನಮಗೆ ಶಾಲೆಯಲ್ಲಿ ಕಲಿಸಿದ್ದರು. ಅವರು ತೀರಿಕೊಂಡ ಮೇಲೆ 1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ'ದ ಮುನ್ನುಡಿಯಲ್ಲಿ ಅಂಬೇಡ್ಕರ್ ಅದನ್ನೇ ಪ್ರಶ್ನೆ ಮಾಡುತ್ತಾರೆ. ಹುಟ್ಟೂ ದುಃಖ, ಸಾವೂ ದುಃಖ ಎಂದರೆ ಮನುಷ್ಯನಿಗೆ ಭರವಸೆಯೇ ಉಳಿಯದಲ್ಲ, ಇದು ಬುದ್ಧನ ಮೂಲ ಮಾತೇ, ಆಮೇಲೆ ಭಿಕ್ಷುಗಳು ಸೇರಿಸಿದ್ದೇ ಎಂದು ಕೇಳುತ್ತಾರೆ. ಮನುಷ್ಯ ಮನುಷ್ಯನಿಗೆ ಮಾಡುವ ಅನ್ಯಾಯದಿಂದ ಹುಟ್ಟುವ ದುಃಖದ ಕಡೆಗೆ ಬೆರಳು ತೋರಿಸುತ್ತಾರೆ. ಕರ್ಮದಿಂದ ಬಂದದ್ದಾದರೆ ಅನುಭವಿಸಬೇಕು, ಮನುಷ್ಯನಿಂದ ಬಂದದ್ದಾದರೆ ತೆಗೆಯಬಹುದು. ಸುಖದ ಬಗ್ಗೆ ನಾನು ಓದಿದ ಮಾತುಗಳಲ್ಲಿ ನನ್ನ ಕೈಗೆ ಕೆಲಸ ಕೊಟ್ಟದ್ದು ಇದೊಂದು.

ಇದು ಪುಸ್ತಕದ ಮಾತಲ್ಲ, ನಮ್ಮ ಮನೆಯಲ್ಲೇ ನಡೆಯಿತು. ನಾನು ಹೈಸ್ಕೂಲಿನಲ್ಲಿದ್ದಾಗ ಊರೊಳಗಿನ ಒಂದು ಸಾವಿಗೆ ಅಪ್ಪನನ್ನು ಕರೆಯಲು ಬಂದರು. ಸಂಘದ ಹುಡುಗರು ತಿಂಗಳಿಂದ ಕೇರಿಯಲ್ಲಿ ಮೀಟಿಂಗ್ ಮಾಡುತ್ತಿದ್ದರು. ಅಪ್ಪ ಬಾಗಿಲಲ್ಲಿ ನಿಂತು, ತಲೆ ಬಗ್ಗಿಸಿಕೊಂಡೇ, 'ನಾ ಬರಾಕಿಲ್ಲ ಬುದ್ಧಿ' ಅಂದ. ಅಷ್ಟೇ. ಬುದ್ಧಿ ಅನ್ನುವುದನ್ನು ಬಿಡಲು ಅವನಿಗೆ ಆಗಲಿಲ್ಲ, ಬರಾಕಿಲ್ಲ ಅನ್ನಲು ಆಯಿತು. ಮಾರನೆಯ ದಿನದಿಂದ ನಮ್ಮವರಿಗೆ ಕೂಲಿ ಇಲ್ಲ, ಅಂಗಡಿಯಲ್ಲಿ ಸಾಮಾನಿಲ್ಲ. ಮೂರು ವಾರ ನಡೆಯಿತು. ಆದರೆ ಆ ಮೊದಲ ರಾತ್ರಿ ಅಪ್ಪ ಅಟ್ಟದಿಂದ ತಮಟೆ ಇಳಿಸಿ, ಹುಲ್ಲು ಹಚ್ಚಿ ಕಾಯಿಸಿ, ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಸುಮ್ಮನೆ ಬಡಿದ. ಇಡೀ ಕೇರಿ ಬಂದು ನಮ್ಮ ಮನೆ ಮುಂದೆ ಕೂತಿತು. ನಾನು ನೋಡಿದ ಹಾಗೆ ಅಪ್ಪ ಅಷ್ಟು ಸುಖವಾಗಿದ್ದುದು ಅವತ್ತೇ. ಒಲ್ಲೆ ಅನ್ನಲು ಬಂದವನ ಕೈಯ ಬಡಿತವೇ ಬೇರೆ. ಸುಖ ಅಂದರೇನು ಎಂದು ನನ್ನನ್ನು ಕೇಳಿದರೆ ನಾನು ಅಲ್ಲಿಂದ ಶುರುಮಾಡುತ್ತೇನೆ: ಒಲ್ಲೆ ಎನ್ನುವ ಹಕ್ಕು, ಹಾಗಂದ ಮೇಲೂ ಜೊತೆಗೆ ಕೂರುವ ಜನ.

ಇಲ್ಲಿಗೆ ನಿಲ್ಲಿಸಿದರೆ ಲೇಖನಕ್ಕೆ ಒಳ್ಳೆಯ ಕೊನೆ. ಆದರೆ ಅರ್ಧ ಸುಳ್ಳು.

ಇದನ್ನು ಬರೆದು ಅವ್ವನಿಗೆ ಫೋನಿನಲ್ಲಿ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅವಳು ಅಂದಳು: 'ನಿಮ್ಮಪ್ಪ ತಮಟೆ ಬಡ್ದು ಸುಕ್ವಾಗಿದ್ದ ಸರಿ ಕನ ಮಗ. ಆ ಮೂರು ವಾರ ಬೇಲಿ ಸೊಪ್ಪು ಕಿತ್ತು ಬೇಯ್ಸಿ ನಿಮ್ಗೆ ಇಕ್ದೋರ್ಯಾರು? ಅದ್ನೂ ಬರ್ದಿದ್ದೀಯಾ?' ಬರೆದಿರಲಿಲ್ಲ. ಹತ್ತು ವರ್ಷದಿಂದ ಪದ್ಯ ಬರೆಯುತ್ತಿದ್ದೇನೆ, ಅಪ್ಪನ ತಮಟೆಯ ಮೇಲೆ ನಾಲ್ಕು ಪದ್ಯ ಇವೆ. ಅವ್ವನ ಹಸಿವಿನ ಮೇಲೆ, ಕಣ್ಣೀರಿನ ಮೇಲೆ ಇವೆ. ಅವ್ವನ ಸುಖದ ಮೇಲೆ ಒಂದೂ ಇಲ್ಲ. ಚೋಮನ ಮಗಳು ಬೆಳ್ಳಿಯ ವಿಷಯದಲ್ಲೂ ಹೀಗೇ. ತೋಟದಲ್ಲಿ ಅವಳಿಗೆ ಆದ ಮೋಸವನ್ನು ನಾವು ಬೇಕಾದಷ್ಟು ಚರ್ಚೆ ಮಾಡಿದೆವು. ಅವಳಿಗೆ ಏನು ಬೇಕಿತ್ತು ಎಂದು ಯಾರೂ ಕೇಳಲಿಲ್ಲ. ಜಗಲಿಯ ಮೇಲೆ ಕೂತು ಕೇರಿಯ ತಮಟೆ ಕೇಳಿದವರನ್ನು ಇಷ್ಟು ಹೊತ್ತು ಬೈದೆ. ನಮ್ಮ ಮನೆಯ ಅಡುಗೆ ಮೂಲೆಯ ಮಟ್ಟಿಗೆ ನಾವೂ ಜಗಲಿಯವರೇ ಅಲ್ಲವೇ?

ಬಂಡಾಯದ ಗೆಳೆಯರೇ, ರೋಷ ಬೇಡ ಎಂದು ನಾನು ಹೇಳುವುದಿಲ್ಲ. ರೋಷ ಇನ್ನೂ ಬೇಕು. ಆದರೆ ನಮ್ಮ ಜನರ ನೋವನ್ನು ಮಾತ್ರ ಬರೆದರೆ ಅವರನ್ನು ಅರ್ಧ ಮನುಷ್ಯರನ್ನಾಗಿ ಮಾಡಿದ ಹಾಗೆ. ಮೇಲಿನವರು ನಮ್ಮ ಸುಖವನ್ನು ನಮ್ಮ ವಿರುದ್ಧ ಸಾಕ್ಷಿಗೆ ಎಳೆದರು ಎಂದು ಹೆದರಿ ನಾವು ಅದನ್ನು ಬಚ್ಚಿಟ್ಟೆವು. ಇನ್ನು ಬಚ್ಚಿಡುವುದು ಬೇಡ. ಅದಕ್ಕೆ ಕೊಟ್ಟ ಬೆಲೆಯನ್ನೂ, ಕೊಟ್ಟವರ ಹೆಸರನ್ನೂ ಸೇರಿಸಿ ಬರೆಯೋಣ. ಹಳ್ಳಿಯ ಮೇಷ್ಟ್ರುಗಳು ಒಂದು ಕೆಲಸ ಮಾಡಿ. 'ನನ್ನ ಮೆಚ್ಚಿನ ಹಬ್ಬ' ಅನ್ನುವ ಪ್ರಬಂಧ ಬರೆಸುವುದನ್ನು ಬಿಟ್ಟು, 'ನಮ್ಮವ್ವನಿಗೆ ಏನು ಬೇಕು' ಎಂದು ಮನೆಯಲ್ಲಿ ಕೇಳಿಕೊಂಡು ಬಂದು ಬರೆಯಲು ಮಕ್ಕಳಿಗೆ ಹೇಳಿ. ಆ ಕಾಪಿ ಪುಸ್ತಕಗಳಲ್ಲಿ ಇರುವಷ್ಟು ವಿಷಯ ನಮ್ಮ ಕವನ ಸಂಕಲನಗಳಲ್ಲಿ ಇರಲಾರದು.

ನಾನೂ ಕೇಳಿದೆ. 'ನಿಂಗೆ ಸುಕ ಅಂದ್ರೆ ಏನವ್ವ?' ಅವ್ವ ಬಹಳ ಹೊತ್ತು ಸುಮ್ಮನಿದ್ದಳು. ಫೋನು ಕಟ್ಟಾಯಿತೇನೋ ಅಂದುಕೊಂಡೆ. ಆಮೇಲೆ ಅಂದಳು: 'ಒಂದಿನ ಯಾರೂ ಎಬ್ಸ್‌ದಂಗೆ ಹೊತ್ತು ಹುಟ್ಟಾಗಂಟ ಮಲ್ಗಿರ್ಬೇಕು ಕನಪ್ಪ. ಎದ್ದೇಟ್ಗೆ ಯಾರಾದ್ರೂ ಒಂದ್ ಲೋಟ ಕಾಪಿ ಕೊಡ್ಬೇಕು.'

ಮುಂದಿನ ತಿಂಗಳು ಊರಿಗೆ ಹೋಗುತ್ತಿದ್ದೇನೆ. ಕಾಫಿ ಮಾಡುವುದು ಹಾಸ್ಟೆಲ್ಲಿನಲ್ಲಿ ಕಲಿತಿದ್ದೇನೆ. ಪದ್ಯ ಆಮೇಲೆ.